ಗೋಡೆ ಬಿದ್ದ ರಾತ್ರಿ ಯಾವ ಕಚೇರಿಗೆ ಹೋಗಬೇಕು?

2019ರ ಆಗಸ್ಟ್. ಮಲಪ್ರಭೆ ಇಳಿದು ಎರಡು ದಿನ ಆಗಿತ್ತು. ದಂಡೆಯ ಒಂದು ಊರಿನಲ್ಲಿ ಅಜ್ಜಿಯೊಬ್ಬಳು ಜೋಳದ ಚೀಲ ಬಿಚ್ಚಿ ಬಿಸಿಲಿಗೆ ಹರವುತ್ತಿದ್ದಳು. ಜೋಳ ಆಗಲೇ ಮೊಳಕೆ ಒಡೆದಿತ್ತು. ಅವಳ ಮಣ್ಣಿನ ಮನೆಯ ಹಿಂದಿನ ಗೋಡೆ ಪೂರ್ತಿ ಕುಸಿದಿತ್ತು. ಮುಂದಿನ ಗೋಡೆ, ಬಾಗಿಲ ಚೌಕಟ್ಟು ಮಾತ್ರ ನಿಂತಿದ್ದವು. ಊರಿನ ಕಂದಾಯ ಲೆಕ್ಕ ನೋಡುವ ತಲಾಟಿ ಬಂದರು, ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದರು.

"ಯವ್ವಾ, ಮನಿ ಯಾರ ಹೆಸರ್ನ್ಯಾಗ ಐತಿ?"

"ನಮ್ಮತ್ತಿ ಹೆಸರ್ನ್ಯಾಗ ಐತ್ರಿ. ಆಕಿ ಸತ್ತು ಇಪ್ಪತ್ತ ವರ್ಷ ಆತು."

ತಲಾಟಿ ಪೆನ್ನು ಹಿಡಿದು ಸುಮ್ಮನೆ ನಿಂತರು. ಬರೆಯಲು ಅವರ ಫಾರಂನಲ್ಲಿ ಜಾಗ ಇರಲಿಲ್ಲ. ಬದುಕಿರುವವಳ ಮನೆ ಬಿದ್ದಿದೆ, ಕಾಗದದಲ್ಲಿ ಇರುವುದು ಸತ್ತವಳ ಹೆಸರು.

ನಾನು ಅಲ್ಲೇ ನಿಂತಿದ್ದೆ. ತಲಾಟಿಯ ತಪ್ಪು ಅಂತ ಅವತ್ತೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ನಮ್ಮಲ್ಲಿ ಬಡವರಿಗೆ ಮನೆ ಕೊಡುವ ವ್ಯವಸ್ಥೆ ಒಂದು ದಾರಿಯಲ್ಲಿ ಬೆಳೆದಿದೆ. ಇವತ್ತು ರಾತ್ರಿ ಮಲಗಲು ಸೂರು ಕೊಡುವ ವ್ಯವಸ್ಥೆ ಇನ್ನೊಂದು ದಾರಿಯಲ್ಲಿ. ಮೊದಲನೆಯದು ಪಂಚಾಯಿತಿಯ ಕೈಯಲ್ಲಿ, ಎರಡನೆಯದು ಕಂದಾಯ ಇಲಾಖೆಯ ಕೈಯಲ್ಲಿ. ಜನರಿಗೆ ಎರಡೂ 'ಸರಕಾರದ ಮನೆ'ಯೇ. ಹಾಗಾಗಿ ಪಂಚಾಯಿತಿಯ ಅಧಿಕಾರಿ ಪಿಡಿಒ ಹತ್ತಿರ ಹೋದವರನ್ನು ತಹಶೀಲ್ದಾರ್ ಕಚೇರಿಗೆ, ಅಲ್ಲಿಗೆ ಹೋದವರನ್ನು ಮತ್ತೆ ಪಂಚಾಯಿತಿಗೆ ಕಳಿಸುತ್ತಾರೆ. ಬಸ್ ಚಾರ್ಜೇ ಎಷ್ಟೋ ಆಗಿರುತ್ತದೆ.

ಮೊದಲನೆಯ ದಾರಿ ಮನೆಯಿಂದಲ್ಲ, ಜಾಗದಿಂದ ಶುರುವಾಯಿತು. 1971ರಲ್ಲಿ ಕೇಂದ್ರ ಸರಕಾರ ಹಳ್ಳಿಗಳ ಭೂಮಿ ಇಲ್ಲದ ಕೂಲಿಗಳಿಗೆ ನಿವೇಶನ ಕೊಡುವ ಯೋಜನೆ ತಂದಿತು. ಅದರ ಮರುವರ್ಷ ದೇವರಾಜ ಅರಸು ಮುಖ್ಯಮಂತ್ರಿಯಾದರು. ಜನತಾ ಮನೆ ಅನ್ನುವ ಮಾತು ಆ ಕಾಲದ್ದು. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಇವತ್ತಿಗೂ 'ಜನತಾ ಪ್ಲಾಟ್' ಅಂದರೆ ಆಟೋದವನು ನೇರ ಅಲ್ಲಿಗೇ ಬಿಡುತ್ತಾನೆ. ಮೈಸೂರು ಕಡೆ 'ಜನತಾ ಕಾಲೋನಿ'. ಊರಾಚೆ, ಹೆಚ್ಚಾಗಿ ತಗ್ಗಿನಲ್ಲಿ ಅಥವಾ ಕೆರೆ ಅಂಚಿನಲ್ಲಿ, ಸಾಲಾಗಿ ಒಂದೇ ಅಳತೆಯ ಮನೆಗಳು. ಊರೊಳಗೆ ಒಳ್ಳೇ ಜಾಗ ಬಡವರಿಗೆ ಯಾರು ಬಿಟ್ಟುಕೊಡುತ್ತಾರೆ? ಆ ತಗ್ಗಿಗೇ ನೀರು ಮೊದಲು ನುಗ್ಗುತ್ತದೆ ಅನ್ನುವುದು ಬೇರೆ ಮಾತು.

1991-92ರಲ್ಲಿ ಆಶ್ರಯ ಯೋಜನೆ ಬಂತು. ಹೆಸರು ಕೇಳಿದರೆ ತುರ್ತು ಆಸರೆ ಅನ್ನಿಸುತ್ತದೆ, ಅಲ್ವಾ? ಆದರೆ ಅದೂ ಪಟ್ಟಿಯ ಯೋಜನೆಯೇ. ಪಟ್ಟಣಗಳಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಹಳ್ಳಿಯಲ್ಲಿ ಗ್ರಾಮಸಭೆ. ಇದನ್ನೆಲ್ಲ ನೋಡಿಕೊಳ್ಳಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ್ ಅಂತ ಹೆಸರುಗಳು ಸೇರಿದವು. ಸರಕಾರ ಬದಲಾದಾಗ ಬೋರ್ಡು ಬದಲಾಗುತ್ತದೆ, ಕಾಯುವ ಸಾಲು ಮಾತ್ರ ಅದೇ.

ಕೇಂದ್ರದ ಕಡೆಯಿಂದ 1985ರಲ್ಲಿ ಇಂದಿರಾ ಆವಾಸ್ ಶುರುವಾಯಿತು. 2016ರಲ್ಲಿ ಅದು ಪ್ರಧಾನ ಮಂತ್ರಿ ಆವಾಸ್ ಆಯಿತು. ಬಯಲು ಸೀಮೆಯಲ್ಲಿ ಒಂದು ಮನೆಗೆ 70 ಸಾವಿರ ಇದ್ದದ್ದು 1.20 ಲಕ್ಷಕ್ಕೆ ಏರಿತು. ಆಮೇಲೆ ಸಿಮೆಂಟು, ಕಬ್ಬಿಣ, ಗಾರೆ ಕೆಲಸದವರ ಕೂಲಿ ಎಲ್ಲ ಏರಿದವು, ಆ 1.20 ಲಕ್ಷ ಅಲ್ಲೇ ಕೂತಿದೆ. ದುಡ್ಡು ಕಂತಿನಲ್ಲಿ ಬರುತ್ತದೆ. ಪಾಯ ಆದ ಮೇಲೆ ಫೋಟೋ, ಲಿಂಟಲ್ ಆದ ಮೇಲೆ ಫೋಟೋ, ಚಾವಣಿ ಆದ ಮೇಲೆ ಫೋಟೋ. ಕಳ್ಳತನ ತಡೆಯಲು ಇದು ಬೇಕಿತ್ತು, ಒಪ್ಪುತ್ತೇನೆ. ಆದರೆ ಪಾಯ ಹಾಕಲು ಕೈಯಲ್ಲಿ ಕಾಸಿಲ್ಲದವನು ಮೊದಲು ಬಡ್ಡಿಗೆ ಸಾಲ ತರಬೇಕು.

ಇಲ್ಲಿ ಒಂದು ವಿಚಾರ ಗಮನಿಸಬೇಕು. ಪ್ರಧಾನ ಮಂತ್ರಿ ಆವಾಸ್ ಪಟ್ಟಿಗೆ ಮೂಲವೇ 2011ರ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿ. ಆ ವರ್ಷ ಯಾರ ಮನೆ ಕಚ್ಚಾ ಇತ್ತು, ಎಷ್ಟು ಕೋಣೆ ಇತ್ತು ಅನ್ನುವುದೇ ಅಳತೆಗೋಲು. ಬಿಟ್ಟುಹೋದವರಿಗಾಗಿ ಆಮೇಲೆ ಆವಾಸ್ ಪ್ಲಸ್ ಅಂತ ಇನ್ನೊಂದು ಪಟ್ಟಿ ಮಾಡಿದರು. ಅಂದರೆ ಒಂದು ದಿನ ಬಾಗಿಲು ತೆರೆಯುತ್ತದೆ, ಹೆಸರು ಬರೆಯುತ್ತಾರೆ, ಮತ್ತೆ ವರ್ಷಗಟ್ಟಲೆ ಮುಚ್ಚುತ್ತದೆ. ಬಾಗಿಲು ಮುಚ್ಚಿದ ಮೇಲೆ ಮನೆ ಬಿದ್ದರೆ ಪಟ್ಟಿಗೆ ಅದು ಗೊತ್ತಾಗುವುದೇ ಇಲ್ಲ. ಪಟ್ಟಿಯಿಂದ ಹೊರಗಿಡುವ ಷರತ್ತುಗಳೂ ಹಾಗೇ ಇದ್ದವು. ಮನೆಯಲ್ಲಿ ಫ್ರಿಜ್ ಇದ್ದರೆ ಇಲ್ಲ, ಬೈಕ್ ಇದ್ದರೆ ಇಲ್ಲ, ಲ್ಯಾಂಡ್‌ಲೈನ್ ಫೋನ್ ಇದ್ದರೂ ಇಲ್ಲ. ಗಾರೆ ಕೆಲಸಕ್ಕೆ ಹೋಗುವವನು ಹಳೇ ಬೈಕ್ ಇಟ್ಟುಕೊಂಡ ತಪ್ಪಿಗೆ ಮನೆ ಕಳೆದುಕೊಂಡ. 2024ರಲ್ಲಿ ಈ ಷರತ್ತುಗಳನ್ನು ಸಡಿಲ ಮಾಡಿದರು.

ಜಾಗದ ಕಾಗದ ಇಲ್ಲದಿದ್ದರೆ ಈ ಸಾಲಿಗೆ ನಿಲ್ಲುವುದೂ ಕಷ್ಟ. ತಾಂಡಾ, ಹಾಡಿ, ಗೊಲ್ಲರಹಟ್ಟಿಗಳಲ್ಲಿ ತಲೆಮಾರುಗಳಿಂದ ಇದ್ದವರ ಹತ್ತಿರ ಹಕ್ಕುಪತ್ರವೇ ಇರಲಿಲ್ಲ. ಕಾನೂನು ತಿದ್ದಿ, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಹೊತ್ತಿಗೆ ಸ್ವಾತಂತ್ರ್ಯ ಬಂದು 75 ವರ್ಷ ದಾಟಿತ್ತು. ನಗರದ ಕಥೆಯೂ ಇದೇ. 1973ರ ಕೊಳಗೇರಿ ಕಾಯ್ದೆಯ ಪ್ರಕಾರ ಸರಕಾರ ಮೊದಲು ಒಂದು ಜಾಗವನ್ನು ಕೊಳಗೇರಿ ಅಂತ ಘೋಷಿಸಬೇಕು. ಘೋಷಣೆ ಆಗದಿದ್ದರೆ ಆ ಗುಡಿಸಲು ಕಣ್ಣಿಗೆ ಕಂಡರೂ ಕಡತಕ್ಕೆ ಕಾಣುವುದಿಲ್ಲ.

ಇನ್ನು ಎರಡನೆಯ ದಾರಿ, ತುರ್ತಿನದು. ಇದು ಪ್ರತಿ ಸಲ ಯಾವುದಾದರೂ ಅನಾಹುತ ಆದ ಮೇಲೆಯೇ ಒಂದು ಹೆಜ್ಜೆ ಮುಂದೆ ಹೋಗಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಶೆಡ್ಡುಗಳಲ್ಲಿ ಇದ್ದರು. ಬಸವನಗುಡಿ, ಮಲ್ಲೇಶ್ವರ ಬೇಗ ಬೆಳೆಯಲು ಆ ಪ್ಲೇಗೇ ಕಾರಣ. ಆದರೆ ಅಲ್ಲಿ ಸೈಟು ಯಾರ ಪಾಲಾಯಿತು ಅಂತ ಈಗ ಆ ರಸ್ತೆಗಳಲ್ಲಿ ಓಡಾಡಿದರೆ ಗೊತ್ತಾಗುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಉತ್ತರ ಕರ್ನಾಟಕದಲ್ಲಿ ಯಾರೂ ಕಾಣದಂಥ ಮಳೆ. ಆಗ 'ಆಸರೆ' ಮನೆಗಳು ಬಂದವು. ಕಂಪನಿಗಳು, ಮಠಗಳು, ದಾನಿಗಳು ಕೈಜೋಡಿಸಿದರು. ಮುಳುಗಿದ ಊರುಗಳನ್ನು ಎತ್ತರದ ಜಾಗಕ್ಕೆ ಸಾಗಿಸುವ ಯೋಚನೆ ಒಳ್ಳೆಯದೇ. ಆದರೆ ಎಷ್ಟೋ ಕಡೆ ಮನೆ ಆಯಿತು, ಜನ ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ. ಹಿತ್ತಲಿಲ್ಲದ ಮನೆಯಲ್ಲಿ ರೈತ ಏನು ಮಾಡುತ್ತಾನೆ?

ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನನಗೆ ಮುಖ್ಯ ಅನ್ನಿಸಿದ ಒಂದು ಬದಲಾವಣೆ ಆಯಿತು. ಹೊಸ ಮನೆ ಆಗುವವರೆಗೆ ಕುಟುಂಬಕ್ಕೆ ತಿಂಗಳಿಗೆ 10 ಸಾವಿರ ರೂಪಾಯಿ ಬಾಡಿಗೆ ಕೊಟ್ಟರು. ಮಧ್ಯದ ಕಾಲಕ್ಕೂ ಒಂದು ಬೆಲೆ ಇದೆ ಅಂತ ಸರಕಾರ ಒಪ್ಪಿಕೊಂಡಿತು ಅನ್ನಿ. ಅವರಿಗಾಗಿ ಜಂಬೂರಿನಲ್ಲಿ ಕಟ್ಟಿದ ಮನೆಗಳ ಬೀಗದ ಕೈ ಸಿಕ್ಕಿದ್ದು 2020ರಲ್ಲಿ. ಬಾಡಿಗೆ ಇಲ್ಲದಿದ್ದರೆ ಆ ಎರಡು ಮಳೆಗಾಲ ಅವರು ಎಲ್ಲಿರಬೇಕಿತ್ತು?

2019ಕ್ಕೆ ಮತ್ತೆ ಬರೋಣ. ಆಗಿನ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ. ರಾಜ್ಯ ಸರಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ಬಟ್ಟೆ ಪಾತ್ರೆಗೆ ನಿಯಮದಲ್ಲಿ ಇದ್ದದ್ದು 3,800, ಕೊಟ್ಟದ್ದು 10 ಸಾವಿರ. ಹಾನಿಯನ್ನು ಎ, ಬಿ, ಸಿ ಅಂತ ಮೂರು ಕೆಟಗರಿ ಮಾಡಿದರು. ಮುಕ್ಕಾಲಿಗಿಂತ ಜಾಸ್ತಿ ಬಿದ್ದರೆ ಎ, ಕಾಲು ಭಾಗದಿಂದ ಮುಕ್ಕಾಲಿನವರೆಗೆ ಬಿ, ಅದಕ್ಕೂ ಕಡಿಮೆ ಆದರೆ ಸಿ. ಎ ಆದರೆ 5 ಲಕ್ಷ, ಸಿ ಆದರೆ 50 ಸಾವಿರ. ಮಣ್ಣಿನ ಮನೆಯಲ್ಲಿ ಒಂದು ಗೋಡೆ ಬಿದ್ದರೆ ಉಳಿದ ಮೂರು ಗೋಡೆ ಇನ್ನೊಂದು ಮಳೆಗೆ ನಿಲ್ಲುವುದಿಲ್ಲ ಅಂತ ಊರಿನ ಎಲ್ಲರಿಗೂ ಗೊತ್ತು. ಫಾರಂ ಮಾತ್ರ ನಿಂತ ಗೋಡೆಯನ್ನೇ ಎಣಿಸುತ್ತದೆ. ಹಾಗಾಗಿ ಆ ವರ್ಷ ಊರೂರಲ್ಲಿ ಜಗಳ ನಡೆದದ್ದು ನೀರಿನ ಬಗ್ಗೆ ಅಲ್ಲ, ಅಕ್ಷರದ ಬಗ್ಗೆ. 'ಅವಂದು ಎ, ನಂದ್ಯಾಕ ಸಿ?'

ಎರಡು ದಾರಿ ಒಂದಾದದ್ದೂ ಆಗಲೇ. ಕಂದಾಯ ಇಲಾಖೆ ಹಾನಿ ಬರೆದುಕೊಂಡಿತು, ದುಡ್ಡು ವಸತಿ ನಿಗಮದ ಮೂಲಕ ಹೋಯಿತು. ಒಳ್ಳೆಯದೇ. ಆದರೆ ಅದರ ಜೊತೆಗೆ ಪಾಯ, ಲಿಂಟಲ್, ಚಾವಣಿ ಅನ್ನುವ ಕಂತುಗಳೂ ಬಂದವು. ಎಂದೋ ಬರುವ ಮನೆಗೆ ಮಾಡಿದ ನಿಯಮ ರಾತ್ರೋರಾತ್ರಿ ಮನೆ ಕಳೆದುಕೊಂಡವರ ಮೇಲೆ ಬಿತ್ತು.

ಮನೆಯೇ ಇಲ್ಲದವರ ಕಥೆ ಇನ್ನೂ ತಡವಾಗಿ ಶುರುವಾಯಿತು. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯಲ್ಲಿ ತಾತ್ಕಾಲಿಕ ರಾತ್ರಿ ತಂಗುದಾಣವನ್ನು ಕೆಡವಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು ಅನ್ನುವ ಲೆಕ್ಕ ಅಲ್ಲಿಂದ ಗಟ್ಟಿಯಾಯಿತು. 2013ರ ನಗರ ಜೀವನೋಪಾಯ ಮಿಷನ್ ಅದಕ್ಕೆ ಹಣ ಇಟ್ಟಿತು. ಅದೇ 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರ ಕ್ವಾರ್ಟರ್ಸ್ ಜಾಗದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಎಷ್ಟೋ ಜನ ಅಲ್ಲೇ ಫುಟ್‌ಪಾತ್ ಮೇಲೆ ಟಾರ್ಪಾಲು ಕಟ್ಟಿಕೊಂಡು ಉಳಿದರು.

ಹಾಗಾದರೆ ಬೇಗ ಬೇಕಾದವರು ಏನು ಮಾಡಬೇಕು? ಈ ಇತಿಹಾಸ ಗೊತ್ತಿದ್ದರೆ ಅರ್ಧ ಓಡಾಟ ಉಳಿಯುತ್ತದೆ. ಮಳೆ, ನೆರೆಗೆ ಮನೆ ಬಿದ್ದರೆ ಪಂಚಾಯಿತಿಗಿಂತ ಮೊದಲು ಗ್ರಾಮ ಆಡಳಿತ ಅಧಿಕಾರಿಗೆ ಹೇಳಿ. ತಲಾಟಿಗೆ ಈಗಿನ ಹೆಸರು ಅದು. ಅವರು ಸಿಗದಿದ್ದರೆ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ. ಮಣ್ಣು ಎತ್ತುವ ಮುಂಚೆ ಫೋಟೋ ತೆಗೆಯಿರಿ. ಹಾನಿ ನೋಡಿ ಬರೆಯುವ ಮಹಜರಿನಲ್ಲಿ ಏನು ಬರೆದಿದ್ದಾರೆ ಅಂತ ಓದಿಸಿಕೊಂಡೇ ಸಹಿ ಹಾಕಿ. ಅಕ್ಷರ ಒಂದು ಸಲ ಬಿದ್ದ ಮೇಲೆ ಬದಲಾಯಿಸುವುದು ಬಲು ಕಷ್ಟ. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ 181 ಇದೆ, ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಉಳಿಯಬಹುದು. ಬೀದಿಗೆ ಬಿದ್ದ ವಯಸ್ಸಾದವರಿಗೆ 14567, ಮಕ್ಕಳಿಗೆ 1098. ನಗರದಲ್ಲಿ ರಾತ್ರಿ ತಂಗುದಾಣ ಎಲ್ಲಿದೆ ಅಂತ ಪಾಲಿಕೆ ಅಥವಾ ನಗರಸಭೆಯವರನ್ನು ಕೇಳಬೇಕು. ಶಾಶ್ವತ ಮನೆಯ ಅರ್ಜಿ ಬೇರೆ. ಅದಕ್ಕೆ ಗ್ರಾಮಸಭೆ ದಿನ ಹಾಜರಿರಬೇಕು, ಪಟ್ಟಿಯಲ್ಲಿ ಹೆಸರು ಓದುವವರೆಗೆ ಎದ್ದು ಬರಬಾರದು. ಎರಡನ್ನೂ ಒಟ್ಟಿಗೆ ಶುರು ಮಾಡಿ, ಒಂದು ಮುಗಿಯಲಿ ಅಂತ ಕಾಯಬೇಡಿ.

ಆ ಅಜ್ಜಿಯ ಕೆಲಸ ಆದದ್ದು ವಂಶವೃಕ್ಷದ ಕಾಗದ ಮಾಡಿಸಿದ ಮೇಲೆ. ಅತ್ತೆ ಸತ್ತ ದಾಖಲೆ ಹುಡುಕಲು ಮಗ ಮೂರು ಸಲ ತಾಲೂಕಿಗೆ ಹೋಗಿ ಬಂದ. ಅಷ್ಟರಲ್ಲಿ ಅವರು ಮೊದಲು ಊರ ಶಾಲೆಯಲ್ಲಿ, ಆಮೇಲೆ ತಗಡಿನ ಶೆಡ್ಡಿನಲ್ಲಿ ಇದ್ದರು. ಎರಡು ವರ್ಷ ಬಿಟ್ಟು ಹೋದಾಗ ಹೊಸ ಮನೆ ಲಿಂಟಲ್‌ವರೆಗೆ ಎದ್ದಿತ್ತು. ಹಳೇ ಬಾಗಿಲ ಚೌಕಟ್ಟನ್ನೇ ಕಿತ್ತು ತಂದು ಕೂಡಿಸಿದ್ದರು. "ಪಂಚಾಯ್ತ್ಯಾಗ ಉತಾರ ನನ್ನ ಹೆಸರಿಗೆ ಮಾಡ್ಸೀನಿ," ಅಂದಳು ಅಜ್ಜಿ. "ಮಗನ ಹೆಸರ್ನೂ ಈಗ್ಲೇ ಹಚ್ಚಸ್ಬೇಕಂತ ಮಾಡೀನಿ. ನಾ ಸತ್ತಮ್ಯಾಲೆ ಮತ್ತ ಮಳಿ ಬರೂದಿಲ್ಲೇನು?"