ಬಣ್ಣ ಐರಿಷ್, ಮೈ ಇಂಗ್ಲಿಷ್

ವಾರಕ್ಕೆ ಎರಡು ಮೂರು ಫೋಟೋಗಳಾದರೂ ನನ್ನ ಫೋನಿಗೆ ಬರುತ್ತವೆ. ಗೇಣುದ್ದದ ಒಂದು ಆಟಿಕೆ ರೈಲು ಇಂಜಿನ್, ಕಿತ್ತಳೆ-ಕಪ್ಪು ಬಣ್ಣ. ಕೆಳಗೆ ಪ್ರಶ್ನೆ: "ಸರ್, ಐರಿಷ್ ಅಂತೆ, ತುಂಬಾ ಅಪರೂಪ ಅಂತೆ. ತಗೊಳ್ಳಲಾ?" ಇವರಲ್ಲಿ ಅರ್ಧ ಜನ ಆಗಲೇ ದುಡ್ಡು ಕಟ್ಟಿರುತ್ತಾರೆ. ನನ್ನಿಂದ ಅವರಿಗೆ ಬೇಕಾಗಿರುವುದು ಸಲಹೆ ಅಲ್ಲ, ಸಮಾಧಾನ.

ಡಬ್ಲಿನ್‌ನಲ್ಲಿ ಮಾದರಿ ರೈಲು ರಿಪೇರಿ ಮಾಡುವುದು, ಹಳೆಯವಕ್ಕೆ ಬೆಲೆ ಕಟ್ಟುವುದು ನನ್ನ ಕೆಲಸ. ಫೋಟೋ ನೋಡಿ ಬೆಲೆ ಹೇಳುವುದೆಂದರೆ ಫೋನಿನಲ್ಲಿ ನಾಡಿ ಹಿಡಿದ ಹಾಗೆ. ಆದ್ದರಿಂದ ಕೆಳಗೆ ಹೇಳುವುದನ್ನೆಲ್ಲ "ಸಾಮಾನ್ಯವಾಗಿ" ಅಂತ ಸೇರಿಸಿಕೊಂಡೇ ಓದಿ. ಮೋಟಾರು ಓಡುತ್ತಾ, ಡಬ್ಬಿ ಇದೆಯಾ, ಹುಕ್ಕು ಮುರಿದಿದೆಯಾ ಎಂಬುದನ್ನು ನೀವೇ ಕೇಳಿಕೊಳ್ಳುತ್ತೀರಿ. ಅದನ್ನು ಬಿಡುತ್ತೇನೆ.

ನಾನು ಹೇಳಿ ಹೇಳಿ ಸುಸ್ತಾಗಿರುವುದು ಒಂದೇ ಮಾತು. ಬಣ್ಣ ಐರಿಷ್ ಆದ ಮಾತ್ರಕ್ಕೆ ಇಂಜಿನ್ ಐರಿಷ್ ಆಗುವುದಿಲ್ಲ. ಹುಲಿವೇಷ ಕುಣಿಯುವವರು ನಮ್ಮ ಮಂಗಳೂರಿನಲ್ಲೂ ಇದ್ದಾರೆ, ಅವರನ್ನು ಯಾರೂ ಕಾಡಿಗೆ ಕಳಿಸಲ್ಲ ಅಲ್ವಾ?

ಬಹಳ ವರ್ಷ ಇಲ್ಲಿನ ರೈಲುಗಳಿಗೆಂದೇ ಯಾರೂ ಅಚ್ಚು ಮಾಡಿಸುತ್ತಿರಲಿಲ್ಲ. ಐರ್ಲೆಂಡ್ ಚಿಕ್ಕ ಮಾರುಕಟ್ಟೆ, ಅಚ್ಚಿನ ಖರ್ಚು ದೊಡ್ಡದು. ಹಾಗಾಗಿ ಕಂಪನಿಗಳು ಇಂಗ್ಲೆಂಡಿನ ಇಂಜಿನ್ನಿನ ಅಚ್ಚಿಗೇ ಇಲ್ಲಿನ ಬಣ್ಣ ಬಳಿದು ಮಾರಿದವು. ಇಟಲಿಯ ಲಿಮಾ ಕಂಪನಿ ಬ್ರಿಟಿಷ್ 33 ಕ್ಲಾಸ್ (ಕ್ಲಾಸ್ ಅಂದರೆ ಇಂಜಿನ್ನಿನ ತಳಿ) ಡೀಸೆಲ್ಲಿಗೆ ಐರ್ಲೆಂಡಿನ ಸರಕಾರಿ ಸಾರಿಗೆ ಸಂಸ್ಥೆ ಸಿಐಇಯ ಬಣ್ಣ ಹಾಕಿ ಕೊಟ್ಟಿತ್ತು. ಅದರಲ್ಲಿ ಮೋಸ ಏನಿಲ್ಲ, ಆಗ ಅದು ಮಕ್ಕಳ ಆಟಿಕೆ. ಈಗ ಅದನ್ನೇ ಯಾರೋ ಅಟ್ಟದಿಂದ ಇಳಿಸಿ "ಅಪರೂಪದ ಐರಿಷ್ ಎ ಕ್ಲಾಸ್" ಅಂತ ಬರೆದು ಮೂರು ಪಟ್ಟು ಬೆಲೆ ಇಟ್ಟರೆ, ತಕರಾರು ಶುರುವಾಗುವುದು ಅಲ್ಲಿ.

ಹೇಗೆ ಪತ್ತೆ ಹಚ್ಚುವುದು? ಗಾಲಿ ಎಣಿಸಿ. ತಮಾಷೆ ಅಲ್ಲ. ನಿಜವಾದ ಎ ಕ್ಲಾಸ್ 1955-56ರಲ್ಲಿ ಬಂದ 60 ಇಂಜಿನ್‌ಗಳು, ಒಂದೊಂದಕ್ಕೂ ಆರು ಆಕ್ಸಲ್, ಅಂದರೆ ಆರು ಜೋಡಿ ಗಾಲಿ. 1976ರಲ್ಲಿ ಬಂದ 071 ಕ್ಲಾಸ್‌ಗೂ ಆರು, 1994-95ರ 201ಕ್ಕೂ ಆರು. 121, 141, 181 ಕ್ಲಾಸ್‌ಗಳಿಗೆ ನಾಲ್ಕೇ. ಬ್ರಿಟಿಷ್ 33ಕ್ಕೂ ನಾಲ್ಕೇ. ಆದ್ದರಿಂದ ಎ ಕ್ಲಾಸ್ ಅನ್ನುವ ಇಂಜಿನ್ ಕೆಳಗೆ ನಾಲ್ಕು ಜೋಡಿ ಗಾಲಿ ಕಂಡರೆ ಅಲ್ಲೇ ನಿಲ್ಲಿಸಿ. ಬದಿಯಿಂದ ತೆಗೆದ ಫೋಟೋ ಇಲ್ಲದಿದ್ದರೆ ಕೇಳಿ. ಕೊಡದಿದ್ದರೆ ಬಿಡಿ.

ಎರಡನೆಯದು ಬಾಗಿಲು. ಮಾರ್ಕ್ 3 ಅನ್ನುವ ಪ್ರಯಾಣಿಕರ ಬೋಗಿಗಳಲ್ಲಿ ಐರಿಷ್ ಆದವು 1984ರಿಂದ ಓಡಾಡಿದವು, ಅವುಗಳಿಗೆ ತಾನಾಗಿ ತೆಗೆದು ಮುಚ್ಚುವ ಬಾಗಿಲು. ಇಂಗ್ಲೆಂಡಿನ ಮಾರ್ಕ್ 3ಕ್ಕೆ ಮೂಲದಲ್ಲಿ ಕೈಯಲ್ಲಿ ಎಳೆದು ಧಡ್ ಅಂತ ಹಾಕುವ ಬಾಗಿಲು ಇತ್ತು. ಕಿತ್ತಳೆ ಬಣ್ಣದ ಮಾರ್ಕ್ 3 ಬೋಗಿಯಲ್ಲಿ ಬಾಗಿಲಿನ ಹಿಡಿಕೆ ಕಂಡರೆ ಅದು ವೇಷ.

ಮೂರನೆಯದು ನಂಬರು. ಇಲ್ಲಿ ಜಾಣರೂ ಜಾರುತ್ತಾರೆ. 141 ಕ್ಲಾಸ್ 1962ರಲ್ಲಿ ಬಂದಾಗ ನಂಬರಿನ ಮುಂದೆ 'ಬಿ' ಇತ್ತು, ಬಿ141 ಅಂತ. 1970ರ ದಶಕದ ಶುರುವಿನಲ್ಲಿ ಆ ಬಿ ಹೋಯಿತು. 071 ಬಂದದ್ದೇ ಆಮೇಲೆ, ಅದಕ್ಕೆ ಬಿ ಬರಲು ಸಾಧ್ಯವೇ ಇಲ್ಲ. ಎ ಕ್ಲಾಸ್‌ನದು ಇನ್ನೂ ಮಜಾ. ಅವು ಬಂದಾಗ ಬೆಳ್ಳಿ ಬಣ್ಣ, ಒಳಗೆ ಕ್ರಾಸ್ಲಿ ಕಂಪನಿಯ ಡೀಸೆಲ್ ಎಂಜಿನ್. ಅದರ ತೊಂದರೆ ತಾಳಲಾರದೆ 1968ರಿಂದ 1971ರ ನಡುವೆ ಜನರಲ್ ಮೋಟರ್ಸ್ ಎಂಜಿನ್ ಕೂರಿಸಿದರು. ಹಾಗೆ ಬದಲಾದವಕ್ಕೆ ನಂಬರಿನ ಕೊನೆಗೆ 'ಆರ್' ಸೇರಿತು. ಅಷ್ಟು ಹೊತ್ತಿಗೆ ಬೆಳ್ಳಿ ಬಣ್ಣ ಹೋಗಿ ವರ್ಷಗಳಾಗಿತ್ತು. ಆದ್ದರಿಂದ ಬೆಳ್ಳಿ ಬಣ್ಣದ ಮೈಮೇಲೆ 'ಆರ್' ನಂಬರು ಇದ್ದರೆ ಯಾರೋ ಮನೆಯಲ್ಲಿ ಕೂತು ಅಂಟಿಸಿದ್ದು. ಹಾಗೆ ಅಂಟಿಸಿದವರ ಮೇಲೆ ನನಗೆ ಕೋಪ ಇಲ್ಲ, ಕೈಕೆಲಸ ಎಷ್ಟೋ ಸಲ ಚೆನ್ನಾಗಿರುತ್ತದೆ. ಅದಕ್ಕೆ ಕಾರ್ಖಾನೆಯ ಬೆಲೆ ಕೊಡಬೇಡಿ ಅಷ್ಟೇ.

ಇಷ್ಟೆಲ್ಲ ಓದಿದ ಮೇಲೆ ಕೆಲವರು ಇನ್ನೊಂದು ಅತಿಗೆ ಹೋಗುತ್ತಾರೆ. ನೂರಕ್ಕೆ ನೂರು ಸರಿಯಾದದ್ದೇ ಬೇಕು ಅಂತಾರೆ. ಅಂಥವರಿಗೆ ಹಳಿ ತೋರಿಸುತ್ತೇನೆ. ಐರ್ಲೆಂಡಿನ ಹಳಿಗಳ ಅಂತರ 5 ಅಡಿ 3 ಇಂಚು, ನಮ್ಮ ಬ್ರಾಡ್‌ಗೇಜಿಗಿಂತ ಮೂರು ಇಂಚು ಕಡಿಮೆ. ಅಡಿಗೆ 4 ಮಿಲಿಮೀಟರಿನಂತೆ ಇಳಿಸಿದರೆ 21 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ 'ಓಓ' ಅಳತೆಯ ಮಾದರಿ ಹಳಿ 16.5 ಮಿ.ಮೀ. ಅಂದರೆ ನೀವು ಎಷ್ಟೇ ದುಡ್ಡು ಸುರಿದರೂ ನಿಮ್ಮ ಐರಿಷ್ ರೈಲು ಸುಮಾರು 4 ಅಡಿ ಒಂದೂವರೆ ಇಂಚಿನ ಹಳಿ ಮೇಲೆ ನಿಂತಿರುತ್ತದೆ. 21 ಮಿ.ಮೀ. ಹಳಿಯನ್ನು ಕೈಯಾರೆ ಹಾಕುವ ಸಾಹಸಿಗಳು ಇದ್ದಾರೆ. ಅವರು ನನ್ನ ಹತ್ತಿರ ಸಲಹೆ ಕೇಳಲು ಬರಲ್ಲ, ನಾನೇ ಅವರ ಹತ್ತಿರ ಹೋಗಬೇಕು.

ಇನ್ನು ಬೆಲೆ. ಮಾರುವವನು ಬರೆದ ಬೆಲೆ ಅವನ ಆಸೆ. ಇಬೇಯಲ್ಲಿ ಮಾರಾಟವಾಗಿ ಹೋದವನ್ನು ಮಾತ್ರ ತೋರಿಸುವ ಒಂದು ಆಯ್ಕೆ ಇದೆ, ಅದನ್ನು ಒತ್ತಿ. ತಿಂಗಳುಗಟ್ಟಲೆ ಮಾರಾಟವಾಗದೆ ಕೂತ ಇಂಜಿನ್ನಿನ ಬೆಲೆಯನ್ನು ತೋರಿಸಿ "ಮಾರ್ಕೆಟ್ ರೇಟು ಇದು" ಅನ್ನಬೇಡಿ. ಜತೆಗೆ, ಒಳ್ಳೆ ಅಚ್ಚಿನ ಮಾದರಿಗಳು ಈಗ ಇವೆ. ಮರ್ಫಿ ಮಾಡೆಲ್ಸ್‌ನವರು 121, 141, 181, 071, 201 ಮಾಡಿದರು. ಐರಿಷ್ ರೈಲ್ವೇ ಮಾಡೆಲ್ಸ್‌ನವರು ಎ ಕ್ಲಾಸ್‌ ತಂದರು. ಹೊಸದು ಬರುತ್ತದೆ ಅಂತ ಸುದ್ದಿಯಾದ ದಿನವೇ ಮನೆಯಲ್ಲೇ ಜೋಡಿಸಿಕೊಳ್ಳುವ ಹಳೆ ಕಿಟ್‌ಗಳ ಬೆಲೆ ಕುಸಿಯುವುದನ್ನು ನಾನು ನೋಡಿದ್ದೇನೆ. ಹಾಗಂತ ಪ್ರತಿಸಲ ಹಾಗೇ ಆಗುತ್ತದೆ ಅಂತ ಬರೆದುಕೊಡಲಾರೆ.

ಎಲ್ಲಿಂದ ಕಳಿಸುತ್ತಾರೆ ಅನ್ನುವುದನ್ನೂ ನೋಡಿ. 2021ರಿಂದ ಬ್ರಿಟನ್ನಿನಿಂದ ಇಲ್ಲಿಗೆ ತರಿಸಿದರೆ ಸೆಕೆಂಡ್ ಹ್ಯಾಂಡ್ ಆದರೂ ಶೇ. 23 ವ್ಯಾಟ್ ಬೀಳುತ್ತದೆ, ಅಂಚೆ ಖರ್ಚಿನ ಮೇಲೂ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನವರಿಂದ ಕೊಂಡರೆ ಆ ಆಮದು ತೆರಿಗೆಯ ಗೋಜಿಲ್ಲ.

ಇಲ್ಲಿ ಐಟಿ ಕೆಲಸದಲ್ಲಿರುವ ಹುಬ್ಬಳ್ಳಿಯ ಹುಡುಗನೊಬ್ಬ ಅಪ್ಪನಿಗೆಂದು "ಎ ಕ್ಲಾಸ್" ಕೊಂಡ. ಅಪ್ಪ ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿ ನಿವೃತ್ತರು. ಡಬ್ಲ್ಯುಡಿಜಿ 4 ಎಂಬ ಗೂಡ್ಸ್ ಡೀಸೆಲ್ ಇಂಜಿನ್‌ಗಳ ಹೊಟ್ಟೆ ಬಗೆದ ಕೈ. ಹುಡುಗ ಉತ್ತರ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್‌ಗೆ ಹೋಗಿ ಅಲ್ಲಿ ಉಳಿಸಿಟ್ಟಿರುವ ನಿಜವಾದ ಎ ಕ್ಲಾಸ್ ಇಂಜಿನ್ ಎ39ರ ಫೋಟೋ ತೆಗೆದು, ಆಟಿಕೆಯ ಫೋಟೋ ಜತೆ ಅಪ್ಪನಿಗೆ ಕಳಿಸಿದ. ಹತ್ತು ನಿಮಿಷಕ್ಕೆ ಫೋನು ಬಂತು. "ತಮ್ಮಾ, ದೊಡ್ಡದಕ್ಕ ಆರು ಆಕ್ಸಲ್ ಅದಾವು, ಸಣ್ಣದಕ್ಕ ನಾಕs ಅದಾವು. ಯಾರ್ ಮಾರಿದ್ರಪಾ ನಿನಗ ಇದನ್ನ?"

ಹುಡುಗ ಮುಖ ಸಣ್ಣ ಮಾಡಿಕೊಂಡು ಅದನ್ನು ನನ್ನ ಮೇಜಿಗೆ ತಂದ. ಮಾರಿದವನು ಹಿಂದಕ್ಕೆ ತಗೊಳ್ಳಲು ಒಪ್ಪಲಿಲ್ಲ. ನಾನು ಮೋಟಾರು ಬಿಚ್ಚಿ ಧೂಳು ತೆಗೆದೆ, ಮೋಟಾರಿಗೆ ಕರೆಂಟು ಮುಟ್ಟಿಸುವ ಸವೆದ ಬ್ರಷ್ ಬದಲಿಸಿದೆ, ಒಂದು ಹನಿ ಎಣ್ಣೆ ಬಿಟ್ಟೆ. ಓಡಿತು. ದೀಪಾವಳಿಗೆ ಊರಿಗೆ ಹೋದಾಗ ಅವನು ಅದನ್ನೇ ಒಯ್ದ.

ಮೊನ್ನೆ ಆ ಹಿರಿಯರೇ ಫೋನು ಮಾಡಿದ್ದರು. ರೈಲು ಐರಿಷಾ ಇಂಗ್ಲಿಷಾ ಅಂತ ಕೇಳಲಿಲ್ಲ. ತಿರುವಿನಲ್ಲಿ ಹಿಂದಿನ ಗಾಲಿ ಹಳಿ ತಪ್ಪುತ್ತದಂತೆ, ಎರಡು ಸ್ಪೇರ್ ಬ್ರಷ್ಷೂ ಬೇಕಂತೆ.