ಗಂಗಾವತಿ ಮಿಲ್‌ನಾಗಿನ ಬೋರ್ಡಿಗೆ ಕೊಪ್ಪಳದಿಂದ ಡಿಬಗರ್ ಹಚ್ಚೋದು ಹೆಂಗ?

ಪ್ರಶ್ನೆ: ಗಂಗಾವತಿ ರೈಸ್ ಮಿಲ್‌ನಾಗ ವೇಬ್ರಿಜ್ ತೂಕ ಓದೋ ಲಿನಕ್ಸ್ ಬೋರ್ಡ್ ಐತ್ರಿ, 4ಜಿ ಸಿಮ್ ಮ್ಯಾಲೆ ನಡಿತೈತಿ. ಪ್ರೋಗ್ರಾಂ ನಡುನಡುವ ಹ್ಯಾಂಗ್ ಆಗ್ತೈತಿ. ಕೊಪ್ಪಳದಿಂದ ಜಿಡಿಬಿ (ಪ್ರೋಗ್ರಾಂನ ತಪ್ಪು ಹುಡುಕೋ ಡಿಬಗರ್) ಕನೆಕ್ಟ್ ಮಾಡಿದ್ರ ಟೈಮ್ ಔಟ್ ಬರ್ತೈತಿ, ಯಾಕ?

ಉತ್ತರ: ನಿಮ್ಮ ಜಿಡಿಬಿದು ತಪ್ಪಿರಲಿಕ್ಕಿಲ್ರಿ. 'ಕನೆಕ್ಷನ್ ರಿಫ್ಯೂಸ್ಡ್' ಅಂತ ಬಂದಿದ್ರ ಅಲ್ಲಿ ಜಿಡಿಬಿಸರ್ವರ್ (ಬೋರ್ಡಿನಾಗ ಕುಂತು ಜಿಡಿಬಿ ಹೇಳಿದ್ದು ಮಾಡೋ ಸಣ್ಣ ಪ್ರೋಗ್ರಾಂ) ಓಡ್ತಿಲ್ಲ ಅನ್ನಬಹುದಿತ್ತು, ಟೈಮ್ ಔಟ್ ಅಂದ್ರ ಬಹಳ ಸಲ ನೀವು ಬೋರ್ಡಿನ ತನಕ ಮುಟ್ಟೇ ಇಲ್ಲ ಅಂತ. ಸಿಮ್ ಕಂಪನಿಯವ್ರು ಸಾಮಾನ್ಯವಾಗಿ ಒಂದೇ ಐಪಿ ಹತ್ತಾರು ಮಂದಿಗೆ ಹಂಚಿರ್ತಾರ, ಹಿಂಗಾಗಿ ಬೋರ್ಡ್ ಹೊರಗ ಹೋಗಬಹುದು, ಹೊರಗಿನವ್ರು ಒಳಗ ಬರಂಗಿಲ್ಲ. ಅದಕ್ಕ ಬೋರ್ಡಿಂದಲೇ ನಿಮ್ಮದೊಂದು ಸರ್ವರಿಗೆ ರಿವರ್ಸ್ ಎಸ್‌ಎಸ್‌ಎಚ್ ಟನಲ್ (ಬೋರ್ಡೇ ಹೊರಗ ಬಂದು ತೆರೆಯೋ ಸುರಕ್ಷಿತ ದಾರಿ) ಹಾಕಿಸ್ರಿ, ನೀವು ಅದೇ ಸರ್ವರ್ ಮೂಲಕ ಹೋಗ್ರಿ.

ಪಬ್ಲಿಕ್ ಐಪಿ ತಗೊಂಡು ಪೋರ್ಟ್ ತೆರೆದಿಡೋದು ಮಾತ್ರ ಬ್ಯಾಡೇ ಬ್ಯಾಡ್ರಿ. ಜಿಡಿಬಿಸರ್ವರಿಗೆ ಪಾಸ್‌ವರ್ಡ್ ಅನ್ನೋದೇ ಇಲ್ಲ, ಯಾರ್ ಬಂದ್ರೂ ಒಳಗ ಬಿಡ್ತೈತಿ, ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಓಡಿಸಿದ್ರಂತೂ ಇಡೀ ಬೋರ್ಡ್ ಅವ್ರ ಕೈಗೆ ಕೊಟ್ಟಂಗ. ಲೋಕಲ್‌ಹೋಸ್ಟ್ 2345 ಅಂತ ಕೊಟ್ರೂ ಜಿಡಿಬಿಸರ್ವರ್ ಆ ಹೋಸ್ಟ್ ಹೆಸರನ್ನ ಲೆಕ್ಕಕ್ಕ ತಗೊಳಂಗಿಲ್ಲ, ಹಿಂಗಾಗಿ ಬೋರ್ಡಿನ ಫೈರ್‌ವಾಲ್‌ನಾಗ 2345 ಪೋರ್ಟ್ ಹೊರಗಿನವ್ರಿಗೆ ಮುಚ್ಚಿಬಿಡ್ರಿ, ಟನಲ್ ಒಳಗಿಂದ ಬಂದವ್ರಿಗಷ್ಟೇ ಸಿಗ್ಲಿ.

ಇನ್ನೊಂದು, ರಿಮೋಟ್ ಡಿಬಗ್ಗಿಂಗ್‌ನಾಗ ಬೋರ್ಡ್ ಕಡೆ ಇರೋ ಜಿಡಿಬಿಸರ್ವರ್ ಬರೀ ಪ್ರೋಗ್ರಾಮನ್ನ ನಿಲ್ಲಿಸೋದು, ಮೆಮೊರಿ ಓದೋದು ಇಂಥಾ ಕೆಲಸ ಮಾಡ್ತೈತಿ, ಯಾವ ಫಂಕ್ಷನ್, ಎಷ್ಟನೇ ಸಾಲು ಅಂತ ಗುರುತು ಹಿಡಿಯೋದೆಲ್ಲ ನಿಮ್ಮ ಲ್ಯಾಪ್‌ಟಾಪಿನ ಜಿಡಿಬಿನೇ. ಹಂಗಾಗಿ ಬೋರ್ಡಿನಾಗ ಸ್ಟ್ರಿಪ್ ಮಾಡಿದ (ಡಿಬಗ್ ಮಾಹಿತಿ ತೆಗೆದ) ಫೈಲ್ ಇದ್ರೂ ನಡಿತೈತಿ, ಲ್ಯಾಪ್‌ಟಾಪಿನಾಗ ಮಾತ್ರ ಅದೇ ಬಿಲ್ಡಿನ, ಡಿಬಗ್ ಮಾಹಿತಿ ಇರೋ ಫೈಲ್ ಬೇಕು. ನಿನ್ನೆ ತಿದ್ದಿ ಮತ್ತ ಬಿಲ್ಡ್ ಮಾಡಿದ್ದು ಕೊಟ್ರ ಸಾಲೆಲ್ಲ ತಪ್ಪು ತೋರಿಸ್ತೈತಿ, ಅದನ್ನ ನಂಬಿ ಹುಡುಕಾಕ ಕುಂತ್ರ ಇಡೀ ದಿನ ಹೋಗ್ತೈತಿ. ಬೋರ್ಡಿನಾಗ ಆರ್ಮ್ ಪ್ರೊಸೆಸರ್ ಇದ್ದು ಉಬುಂಟು ಲ್ಯಾಪ್‌ಟಾಪ್ ಇದ್ರ ಜಿಡಿಬಿ-ಮಲ್ಟಿಆರ್ಕ್ (ಬೇರೆ ಬೇರೆ ಪ್ರೊಸೆಸರ್ ಗೊತ್ತಿರೋ ಜಿಡಿಬಿ) ಹಾಕ್ಕೊಳ್ರಿ. 2015ರ 7.10 ವರ್ಷನ್ನಿಂದ ಜಿಡಿಬಿ ಲೈಬ್ರರಿಗಳನ್ನೂ ಬೋರ್ಡಿಂದಲೇ ಎಳ್ಕೊಳ್ತೈತಿ, ಸಿಮ್ ನೆಟ್ಟಿನ ಮ್ಯಾಲೆ ಅದು ಭಾಳ ನಿಧಾನ, ಕಾಪಿ ತಂದಿಟ್ಟು ಸಿಸ್‌ರೂಟ್ (ಜಿಡಿಬಿ ಲೈಬ್ರರಿ ಹುಡುಕೋ ಜಾಗ) ಅಲ್ಲಿಗೆ ತೋರಿಸಿಬಿಡ್ರಿ.

ಹ್ಯಾಂಗ್ ಆಗೋದು ಸಮಸ್ಯೆ ಅಂದ್ರ ಮೊದಲಿಂದ ಓಡಿಸಬ್ಯಾಡ್ರಿ, ಹ್ಯಾಂಗ್ ಆದಾಗಲೇ ಅಟ್ಯಾಚ್ ಮಾಡ್ರಿ (ಓಡ್ತಿರೋ ಪ್ರೋಗ್ರಾಮಿಗೇ ಡಿಬಗರ್ ಹಚ್ರಿ). 'ಥ್ರೆಡ್ ಅಪ್ಲೈ ಆಲ್ ಬಿಟಿ' ಕೊಟ್ರ ಎಲ್ಲಾ ಥ್ರೆಡ್ (ಪ್ರೋಗ್ರಾಮಿನೊಳಗ ಒಟ್ಟಿಗೆ ನಡಿಯೋ ಕೆಲಸದ ಎಳೆ) ಎಲ್ಲೆಲ್ಲಿ ನಿಂತಾವ ಕಾಣ್ತೈತಿ. ತೂಕ ಓದೋ ಥ್ರೆಡ್ ಸೀರಿಯಲ್ ಪೋರ್ಟಿನ ರೀಡ್‌ನಾಗೇ ಕುಂತಿದ್ರ ಟೈಮ್ ಔಟ್ ಇಟ್ಟೀರೋ ಇಲ್ಲೋ ನೋಡ್ರಿ, ಕೇಬಲ್ಲೂ ನೋಡಿಸ್ರಿ. ಎರಡು ಥ್ರೆಡ್ ಲಾಕ್‌ಗೆ ಕಾಯ್ತಿದ್ರ ಒಂದಕ್ಕ ಬೇಕಾದ ಲಾಕ್ ಇನ್ನೊಂದು ಹಿಡ್ಕೊಂಡಿರಬಹುದು.

ಅಟ್ಯಾಚ್ ಆದ ಕೂಡ್ಲೇ ಪ್ರೋಗ್ರಾಂ ನಿಲ್ತೈತಿ, ಲಾರಿ ಸಾಲಾಗಿ ನಿಂತಿರ್ತಾವ, ಮಿಲ್‌ನವ್ರಿಗೆ ಮೊದಲೇ ಫೋನ್ ಹಚ್ಚಿ ಹೇಳ್ರಿ. ಮುಗಿದ ಮ್ಯಾಲೆ ಕಿಲ್ ಕೊಡಬ್ಯಾಡ್ರಿ, ಪ್ರೋಗ್ರಾಮೇ ಮುಗಿತೈತಿ; ಡಿಟ್ಯಾಚ್ ಕೊಡ್ರಿ, ಡಿಬಗರ್ ಬಿಟ್ಟು ಪ್ರೋಗ್ರಾಂ ಮತ್ತ ಓಡ್ತೈತಿ.