ಒಪ್ಪಿಸುವುದು: ನಾಳೆಯ ಯೋಜನೆಯನ್ನು ದೇವರ ಕೈಗೆ ಕೊಡುವುದೆಂದರೇನು?

"ಎಲ್ಲಾ ಕರ್ತನಿಗೆ ಒಪ್ಪಿಸಿಬಿಟ್ಟಿದ್ದೇನೆ." ಪ್ರಾರ್ಥನಾ ಕೂಟಗಳಲ್ಲಿ ಪದೇ ಪದೇ ಕೇಳಿಬರುವ ಮಾತಿದು. ಕೆಲವರು ಇದನ್ನು ಹೇಳಿ ಯೋಚಿಸುವುದನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಬಾಯಲ್ಲಿ ಹೇಳಿ, ರಾತ್ರಿಯಿಡೀ ಅದೇ ವಿಷಯವನ್ನು ಮಗ್ಗುಲು ಬದಲಿಸುತ್ತಾ ಲೆಕ್ಕ ಹಾಕುತ್ತಾರೆ. ಎರಡು ಕಡೆಯೂ ಒಪ್ಪಿಸುವ ಕೆಲಸ ನಡೆದಿಲ್ಲ.

ಪದವನ್ನೇ ನೋಡಿ. ಒಪ್ಪಿಸು ಎನ್ನುವುದು ಹುಟ್ಟಿದ್ದು ಒಪ್ಪು ಎಂಬುದರಿಂದ. ಮಗು ಪಾಠ ಒಪ್ಪಿಸುತ್ತದೆ, ಖಜಾಂಚಿ ಲೆಕ್ಕ ಒಪ್ಪಿಸುತ್ತಾನೆ, ಮನೆ ಬಿಡುವವರು ಬೀಗದ ಕೈ ಒಪ್ಪಿಸುತ್ತಾರೆ. ಎಲ್ಲ ಕಡೆಯೂ ಕೊಡುವವನ ಬಳಿ ಮೊದಲು ಏನೋ ಸಿದ್ಧವಾಗಿ ಇರಬೇಕು. ಕಲಿಯದ ಪಾಠವನ್ನು ಯಾರೂ ಒಪ್ಪಿಸಲಾರರು. ಹಾಗೆಯೇ ಕೊಟ್ಟ ಮೇಲೆ ತಿದ್ದುವ ಹಕ್ಕು ತೆಗೆದುಕೊಂಡವರದು. ಯೋಜನೆಯನ್ನು ದೇವರಿಗೆ ಒಪ್ಪಿಸುವುದೆಂದರೆ ಈ ಎರಡೂ ಸೇರಿದ್ದು: ಮನಸ್ಸಿಟ್ಟು ಯೋಜಿಸುವುದು, ಯೋಜಿಸಿದ್ದನ್ನು ಆತ ತಿದ್ದಲು ಒಪ್ಪುವುದು.

ಹೀಬ್ರೂ ಮೂಲದಲ್ಲಿ ಚಿತ್ರ ಇನ್ನೂ ಗಟ್ಟಿಯಾಗಿದೆ. ಕೀರ್ತನೆ 37:5ರಲ್ಲೂ ಜ್ಞಾನೋಕ್ತಿ 16:3ರಲ್ಲೂ ಬರುವ ಕ್ರಿಯಾಪದ ಗಲಲ್, ಅಂದರೆ ಉರುಳಿಸು. ಆದಿಕಾಂಡ 29ರಲ್ಲಿ ಯಾಕೋಬನು ಬಾವಿಯ ಬಾಯಿಂದ ದೊಡ್ಡ ಕಲ್ಲನ್ನು ಉರುಳಿಸಿದನೆಂದು ಹೇಳುವಾಗಲೂ ಇದೇ ಪದ. ಎತ್ತಲಾರದ ಭಾರವನ್ನು ಉರುಳಿಸಬಹುದು, ಆದರೆ ಕೈ ಹಚ್ಚಿ ನೂಕಲೇಬೇಕು. ಜ್ಞಾನೋಕ್ತಿಯ ವಚನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಯೆಹೋವನ ಮೇಲೆ ಉರುಳಿಸಬೇಕಾದದ್ದು ಕೆಲಸಗಳನ್ನು, ಆಗ ಸ್ಥಿರವಾಗುವುದು ಯೋಚನೆಗಳು. ಮೊದಲು ಮನಸ್ಸು ನೆಟ್ಟಗಾಗಲಿ, ಆಮೇಲೆ ಕೆಲಸ ಶುರು ಮಾಡೋಣ ಎಂದು ಕಾಯುವವರು ಈ ಕ್ರಮವನ್ನು ಗಮನಿಸಬೇಕು.

ಹೊಸ ಒಡಂಬಡಿಕೆಯಲ್ಲಿ 1 ಪೇತ್ರ 5:7 ಚಿಂತೆಯನ್ನೆಲ್ಲ ಆತನ ಮೇಲೆ ಹಾಕಲು ಹೇಳುತ್ತದೆ. ಅಲ್ಲಿನ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: ಲೂಕ 19:35, ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿದ ಸಂದರ್ಭ. ಹಾಕಿದ ಬಟ್ಟೆ ಆಮೇಲೆ ಕತ್ತೆಮರಿಯ ಬೆನ್ನಿನ ಮೇಲಿರುತ್ತದೆ, ಹಾಕಿದವನ ಹೆಗಲ ಮೇಲಲ್ಲ.

ಯೋಜನೆ ಹಾಕುವುದೇ ಅಪನಂಬಿಕೆ ಎಂಬ ಅಭಿಪ್ರಾಯಕ್ಕೆ ಯಾಕೋಬ 4:13-15ನ್ನು ಆಧಾರವಾಗಿ ಕೊಡುವುದುಂಟು. ಅಲ್ಲಿನ ವ್ಯಾಪಾರಿಗಳ ಮಾತಿನಲ್ಲಿ ಯಾವಾಗ ಹೊರಡುವುದು, ಯಾವ ಪಟ್ಟಣ, ಎಷ್ಟು ಕಾಲ, ಏನು ಕೆಲಸ, ಏನು ಲಾಭ ಎಲ್ಲವೂ ಇದೆ. ಈ ಪತ್ರ ಬರೆದ ಯಾಕೋಬನು (ಕಲ್ಲು ಉರುಳಿಸಿದ ಯಾಕೋಬನಲ್ಲ) ಇವುಗಳಲ್ಲಿ ಒಂದನ್ನೂ ಅಳಿಸು ಎನ್ನುವುದಿಲ್ಲ. ಕರ್ತನ ಚಿತ್ತವಾದರೆ ಬದುಕಿರುವೆವು, ಇದನ್ನೋ ಅದನ್ನೋ ಮಾಡುವೆವು ಎಂಬುದನ್ನು ಸೇರಿಸು ಎನ್ನುತ್ತಾನೆ. ಬದುಕಿರುವುದೇ ಮೊದಲು ಬಂದಿದೆ, ಗಮನಿಸಿ. ಹಳೆಯ ಕಾಲದ ಕ್ರೈಸ್ತರು ಪತ್ರಗಳಲ್ಲಿ ಇದನ್ನೇ ಲ್ಯಾಟಿನ್ನಿನ ಡಿಯೋ ವೊಲೆಂಟೆ ಎಂಬುದರ ಸಂಕ್ಷೇಪವಾಗಿ ಡಿ.ವಿ. ಎಂದು ಬರೆಯುತ್ತಿದ್ದರು.

ಯೋಜನೆಯೂ ಪ್ರಾರ್ಥನೆಯೂ ಹೇಗೆ ಒಂದೇ ಹೊಲಿಗೆಯಾಗುತ್ತವೆ ಎಂದು ತಿಳಿಯಲು ನೆಹೆಮೀಯನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅವನು ಪರ್ಷಿಯದ ಅರಸನ ಪಾನದಾಯಕನಾಗಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಅವನಿಗೆ ಮುಟ್ಟಿದ್ದು ಕಿಸ್ಲೇವ್ ತಿಂಗಳಲ್ಲಿ. ಅರಸ ಅರ್ತಷಸ್ತನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳ ಉಪವಾಸ, ಪ್ರಾರ್ಥನೆ. ನಿನಗೇನು ಬೇಕು ಎಂದು ಅರಸ ಕೇಳಿದಾಗ ಅವನು ನಿಂತಲ್ಲೇ ದೇವರನ್ನು ಪ್ರಾರ್ಥಿಸುತ್ತಾನೆ, ಮರುಕ್ಷಣ ಉತ್ತರ ಕೊಡುತ್ತಾನೆ. ಆ ಉತ್ತರದ ವಿವರ ನೋಡಿ: ಹಿಂದಿರುಗುವ ಅವಧಿ ಹೇಳುತ್ತಾನೆ, ನದಿಯಾಚೆಯ ಅಧಿಪತಿಗಳಿಗೆ ಪತ್ರ ಕೇಳುತ್ತಾನೆ, ಅರಸನ ವನಪಾಲಕ ಆಸಾಫನಿಗೆ ಬೇರೆ ಪತ್ರ ಕೇಳುತ್ತಾನೆ, ಬಾಗಿಲುಗಳಿಗೆ, ಗೋಡೆಗೆ, ತಾನಿರುವ ಮನೆಗೆ ಮರ ಬೇಕೆನ್ನುತ್ತಾನೆ. ಪ್ರಾರ್ಥಿಸುತ್ತಿದ್ದ ನಾಲ್ಕು ತಿಂಗಳೂ ಅವನು ಲೆಕ್ಕ ಹಾಕುತ್ತಲೇ ಇದ್ದನೆಂದು ಬೇರೆ ಹೇಳಬೇಕಿಲ್ಲ. ಆಮೇಲೆ ಯೆರೂಸಲೇಮಿನಲ್ಲಿ ರಾತ್ರಿ ಹೊತ್ತು ಗೋಡೆ ಪರೀಕ್ಷಿಸುತ್ತಾನೆ. ವೈರಿಗಳು ಬಂದಾಗ ದೇವರನ್ನು ಪ್ರಾರ್ಥಿಸಿ ಕಾವಲನ್ನೂ ಇಡುತ್ತಾನೆ (4:9). ಗೋಡೆ 52 ದಿನಗಳಲ್ಲಿ ಮುಗಿಯಿತು.

ಇದನ್ನು ನಮ್ಮ ಮಟ್ಟಕ್ಕೆ ಇಳಿಸೋಣ. ಒಬ್ಬರು ಕೆಲಸ ಬಿಟ್ಟು ಎರಡು ವರ್ಷ ಓದಬೇಕೆಂದಿದ್ದಾರೆ ಎಂದುಕೊಳ್ಳಿ. ಮೊದಲು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಲಿ: ಏನು, ಯಾವಾಗ, ಎಷ್ಟು ಖರ್ಚು, ಸಂಬಳವಿಲ್ಲದ ತಿಂಗಳು ಎಷ್ಟು, ಇದರ ಭಾರ ಯಾರ ಮೇಲೆ ಬೀಳುತ್ತದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಲೂಕ 14:28ರಲ್ಲಿ ಕೇಳುವವನು ಯೇಸುವೇ. ಮಂಜಿನಂಥ ಆಸೆಯನ್ನು ಒಪ್ಪಿಸಲಾಗುವುದಿಲ್ಲ, ಹಿಡಿಯಲು ಅಂಚಾದರೂ ಇರಬೇಕು.

ನಂತರ ಪ್ರತಿ ಸಾಲಿನ ಮುಂದೆ ಗುರುತು ಹಾಕಲಿ: ನನ್ನ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ. ಅರ್ಜಿ ತುಂಬುವುದು, ಹಣ ಕೂಡಿಡುವುದು, ದಿನಕ್ಕೆರಡು ಗಂಟೆ ಓದುವುದು ಮೊದಲನೆಯ ಗುಂಪು. ಸೀಟು ಸಿಗುವುದು, ಆರೋಗ್ಯ ನಿಲ್ಲುವುದು, ಓದಿನ ನಂತರ ಕೆಲಸ ದೊರೆಯುವುದು ಎರಡನೆಯದು. ನಮ್ಮ ಆತಂಕದ ಹೆಚ್ಚಿನ ಪಾಲು ಎರಡನೆಯ ಗುಂಪಿನಲ್ಲಿರುತ್ತದೆ, ನಮ್ಮ ಸೋಮಾರಿತನ ಮೊದಲನೆಯದರಲ್ಲಿ. ಮೊದಲನೆಯದನ್ನು ಮಾಡಿ ಒಪ್ಪಿಸಬೇಕು, ಎರಡನೆಯದನ್ನು ಬಿಟ್ಟು ಒಪ್ಪಿಸಬೇಕು. ಅದಲುಬದಲಾದರೆ ಅರ್ಜಿ ತುಂಬದವನು ದೇವರ ಚಿತ್ತವಿಲ್ಲ ಎನ್ನುತ್ತಾನೆ.

ಮುಂದಿನ ಪ್ರಶ್ನೆ: ಇದರಲ್ಲಿ ದೇವರ ಸ್ಪಷ್ಟ ಆಜ್ಞೆ ಯಾವುದಾದರೂ ಮುರಿಯುತ್ತದೆಯೇ? ಸಂಗಾತಿಗೆ ತಿಳಿಯದಂತೆ ಸಾಲ ಮಾಡಬೇಕಿದ್ದರೆ ಆ ಭಾಗಕ್ಕೆ ದೇವರ ಚಿತ್ತ ಹುಡುಕುವ ಅಗತ್ಯವಿಲ್ಲ, ಅದು ಈಗಾಗಲೇ ತಿಳಿದಿದೆ. ಆಮೇಲೆ ಹಾಳೆಯನ್ನು ಇಬ್ಬರು ಮೂವರಿಗೆ ತೋರಿಸಲಿ. ಬಹುಮಂದಿ ಆಲೋಚನೆ ಹೇಳುವವರಿದ್ದರೆ ಉದ್ದೇಶಗಳು ಈಡೇರುತ್ತವೆ ಎಂಬುದು ಜ್ಞಾನೋಕ್ತಿ 15:22ರ ಸಾರ. ಆ ಮೂವರಲ್ಲಿ ಒಬ್ಬರಾದರೂ ಬೇಡ ಎನ್ನಲು ಅಂಜದವರಾಗಿರಲಿ.

ಪ್ರಾರ್ಥನೆ ಉದ್ದವಿರಬೇಕಿಲ್ಲ. ನನಗೆ ಇದು ಬೇಕು, ನನಗೆ ಇದರ ಭಯವಿದೆ, ಈ ಸಾಲನ್ನು ನೀನು ಹೊಡೆದುಹಾಕಿದರೂ ನಿನ್ನವನೇ. ಮೂರನೆಯ ಮಾತನ್ನು ಹೇಳುವಾಗ ಬೆರಳು ಹಾಳೆಯ ಯಾವ ಸಾಲಿನ ಮೇಲೆ ನಡುಗುತ್ತದೋ ಅದೇ ಇನ್ನೂ ಒಪ್ಪಿಸದ ಸಾಲು. ತೀರ್ಮಾನಕ್ಕೊಂದು ದಿನಾಂಕವೂ ಇರಲಿ. ಕೊನೆಯೇ ಇಲ್ಲದ ಕಾಯುವಿಕೆ ಬಹಳ ಸಲ ಹೆದರಿಕೆಯ ಇನ್ನೊಂದು ಹೆಸರು.

ಎಲ್ಲಿ ತಪ್ಪುತ್ತೇವೆ? ಒಂದು, ಸೂಚನೆ ಕೇಳುವ ಚಟ. ಗಿದ್ಯೋನನು ಇಬ್ಬನಿಯ ಸೂಚನೆ ಕೇಳಿ ಉಣ್ಣೆ ಹಾಸಿದ್ದು ನಿಜ (ನ್ಯಾಯಸ್ಥಾಪಕರು 6), ಆದರೆ ದೇವರ ಆಜ್ಞೆ ಅವನಿಗೆ ಮೊದಲೇ ಸಿಕ್ಕಿತ್ತು. ಅದು ದಾರಿ ಕಂಡುಕೊಳ್ಳುವ ವಿಧಾನವಾಗಿರಲಿಲ್ಲ, ನಡುಗುವವನ ಬಗ್ಗೆ ದೇವರು ತೋರಿಸಿದ ತಾಳ್ಮೆ.

ತೆರೆದ ಬಾಗಿಲೆಲ್ಲ ದೇವರದು ಎಂಬುದು ಇದಕ್ಕಿಂತ ಅಪಾಯಕಾರಿ. 1 ಸಮುವೇಲ 24ರಲ್ಲಿ, ದಾವೀದನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನು ಒಬ್ಬನೇ ಗವಿಯೊಳಗೆ ಬರುತ್ತಾನೆ, ದಾವೀದನು ಅದೇ ಗವಿಯ ಒಳಗಡೆ ಇದ್ದಾನೆ. ದೇವರು ಹೇಳಿದ ದಿನ ಇದೇ ಎಂದು ಜೊತೆಯವರು ಪಿಸುಗುಡುತ್ತಾರೆ. ಇದಕ್ಕಿಂತ ಅಗಲವಾಗಿ ಬಾಗಿಲು ತೆರೆಯಲಾರದು. ದಾವೀದನು ಆ ಬಾಗಿಲು ದಾಟಲಿಲ್ಲ, ಸೌಲನನ್ನು ಕೊಲ್ಲಲಿಲ್ಲ. ಅಭಿಷಿಕ್ತನ ಮೇಲೆ ಕೈಯೆತ್ತಬಾರದೆಂಬುದು ಅವನಿಗೆ ಅವಕಾಶಕ್ಕಿಂತ ದೊಡ್ಡದಾಗಿತ್ತು.

ಇನ್ನು ಯೆರೆಮೀಯ 29:11. ನಿಮ್ಮ ವಿಷಯವಾದ ಆಲೋಚನೆಗಳು ನನಗೆ ಗೊತ್ತು, ಅವು ಹಿತಕ್ಕೇ ಎಂಬ ಆ ವಾಗ್ದಾನವನ್ನು ಪರೀಕ್ಷೆ, ಸಂದರ್ಶನ, ಮದುವೆ ಎಲ್ಲಕ್ಕೂ ಹಚ್ಚುತ್ತಾರೆ. ಅದು ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಕನ್ನಡದ "ನಿಮ್ಮ" ಒಬ್ಬರಿಗೆ ಕೊಡುವ ಮರ್ಯಾದೆಯೂ ಆಗಬಹುದು, ಹೀಬ್ರೂವಿನಲ್ಲಿ ಅದು ನಿಜವಾದ ಬಹುವಚನ, ಇಡೀ ಜನಕ್ಕೆ ಹೇಳಿದ್ದು. ಬಿಡುಗಡೆ 70 ವರ್ಷದ ನಂತರ ಎನ್ನುತ್ತದೆ ಹಿಂದಿನ ವಚನ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದವನು ಹನನ್ಯ, ಅವನು ಸುಳ್ಳು ಪ್ರವಾದಿ. ಪತ್ರವನ್ನು ಮೊದಲು ಓದಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಬಿಡುಗಡೆ ನೋಡುವಷ್ಟು ಬದುಕುವಂತಿರಲಿಲ್ಲ. ಅವರಿಗೆ ಬಂದ ಅಪ್ಪಣೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ. ವಾಗ್ದಾನ ಇದರಿಂದ ಸಣ್ಣದಾಗುವುದಿಲ್ಲ. ನಮ್ಮ ವಯಸ್ಸಿಗಿಂತ ಉದ್ದವಾದ ಯೋಜನೆಯೊಂದರಲ್ಲಿ ನಮಗೂ ಪಾಲಿದೆ ಎಂದಾಗುತ್ತದೆ, ಸಂಕಟದಲ್ಲಿರುವವರಿಗೆ ನಾನು ಹೇಳಬಯಸುವುದು ಇದನ್ನೇ.

ಒಮ್ಮೆ ಒಪ್ಪಿಸಿದ ಮೇಲೆ ಮತ್ತೆ ಚಿಂತೆ ಬಂದರೆ ಮೊದಲನೆಯದು ಸುಳ್ಳೇ? ಅಲ್ಲ. ಗೆತ್ಸೇಮನೆಯಲ್ಲಿ ಯೇಸು ಮೂರು ಸಲ ಅದೇ ಮಾತು ಹೇಳಿ ಪ್ರಾರ್ಥಿಸಿದನೆಂದು ಮತ್ತಾಯ 26:44 ತಿಳಿಸುತ್ತದೆ. ಕಲ್ಲು ಹಿಂದಕ್ಕೆ ಉರುಳಿ ಬಂದರೆ ಮತ್ತೆ ನೂಕುವುದೇ.

ಉತ್ತರ ಬೇಡ ಎಂದೇ ಬಂದರೆ ಏನು ಮಾಡುವುದು? ದೇವರಿಗೆ ಆಲಯ ಕಟ್ಟಬೇಕೆಂಬುದು ದಾವೀದನ ಆಸೆ. ಒಳ್ಳೆಯ ಆಸೆ. ಪ್ರವಾದಿ ನಾತಾನನೇ ಹೋಗಿ ಮಾಡು ಎಂದ. ಅದೇ ರಾತ್ರಿ ದೇವರ ಮಾತು ಬೇರೆಯಾಗಿ ಬಂತು: ಕಟ್ಟುವವನು ನೀನಲ್ಲ, ನಿನ್ನ ಮಗ (2 ಸಮುವೇಲ 7). ಒಳ್ಳೆಯ ಉದ್ದೇಶ, ಹಿರಿಯರ ಬೆಂಬಲ ಎರಡೂ ಇದ್ದು ಯೋಜನೆ ತಿದ್ದುಪಡಿಯಾಯಿತು. ದಾವೀದನು ಒಳಗೆ ಹೋಗಿ ಯೆಹೋವನ ಮುಂದೆ ಕೂತ, ಕೃತಜ್ಞತೆ ಹೇಳಿದ. ಆಮೇಲೆ ಅವನು ಮಾಡಿದ ಕೆಲಸ 1 ಪೂರ್ವಕಾಲವೃತ್ತಾಂತ 22ರಲ್ಲಿದೆ. ಕಲ್ಲುಕುಟಿಗರನ್ನು ನೇಮಿಸಿದ, ದೇವದಾರು ಮರ ತರಿಸಿದ, ಬಾಗಿಲುಗಳ ಮೊಳೆಗಳಿಗೆಂದು ಕಬ್ಬಿಣ ಕೂಡಿಸಿಟ್ಟ. ಕೊನೆಗೆ (28:11) ಮಂಟಪದ, ಕೋಣೆಗಳ, ಭಂಡಾರಗಳ ನಕ್ಷೆಯನ್ನು ಮಗ ಸೊಲೊಮೋನನ ಕೈಗೆ ಒಪ್ಪಿಸಿದ.